ಒಳಗೆ ಎಷ್ಟು ಜನ, ಎಲ್ಲಿದ್ದಾರೆ? ಕಲ್ಲಿದ್ದಲು ಗಣಿಯ ಹಳೆಯ ಪ್ರಶ್ನೆ

ಮೂಡಿಗೆರೆ ಕಡೆಯ ಕಾಫಿ ತೋಟಗಳಲ್ಲಿ ರೈಟರು ಬೆಳಿಗ್ಗೆ ಚೆಕ್‌ರೋಲ್ ಹಿಡಿದು ಹೆಸರು ಕೂಗುತ್ತಾರೆ. ಸಂಜೆ ಹಣ್ಣು ತೂಗುವ ಹೊತ್ತಿಗೆ ಒಬ್ಬ ಆಳು ಕಾಣದಿದ್ದರೆ, ಮೇಸ್ತ್ರಿ ಅವನನ್ನು ಬಿಟ್ಟಿದ್ದ ಕಡೆ ತಿರುಗಿ ಒಂದು ಕೂಗು ಹಾಕಿದರೆ ಸಾಕು. ಕುದುರೆಮುಖದ ಕಬ್ಬಿಣದ ಅದಿರಿನ ಗಣಿಯೂ 2005ರ ಕೊನೆಗೆ ನಿಲ್ಲುವವರೆಗೆ ತೆರೆದ ಗಣಿಯೇ ಆಗಿತ್ತು. ಲಾರಿ ಎಲ್ಲಿದೆಯೆಂದು ದಿಬ್ಬದ ಮೇಲೆ ನಿಂತು ನೋಡಬಹುದಿತ್ತು. ಆದ್ದರಿಂದ, ರಾಯಚೂರಿನ ವಿದ್ಯುತ್ ಸ್ಥಾವರಕ್ಕೆ ಕಲ್ಲಿದ್ದಲು ಕಳಿಸುವ ತೆಲಂಗಾಣದ ಸಿಂಗರೇಣಿಯಂಥ ಕಡೆ ನೆಲದಡಿಯಲ್ಲಿ ಆಳನ್ನು ಹುಡುಕುವುದು ಎಂಥ ತೊಡಕಿನ ಕೆಲಸವೆಂಬುದು ನಮ್ಮ ಜಿಲ್ಲೆಯವರಿಗೆ ಸುಲಭಕ್ಕೆ ಹೊಳೆಯುವುದಿಲ್ಲ.

‘ಎಷ್ಟು ಜನ’ ಎಂಬುದಕ್ಕೆ ಹಳೆಯ ಉತ್ತರ ಹಿತ್ತಾಳೆಯ ಬಿಲ್ಲೆ. ಬ್ರಿಟನ್ನಿನ ಗಣಿಗಳಲ್ಲಿ ಕಾರ್ಮಿಕನು ದೀಪದ ಕೋಣೆಯಲ್ಲಿ ತನ್ನ ಸಂಖ್ಯೆಯ ಬಿಲ್ಲೆ ಕೊಟ್ಟು, ಅದೇ ಸಂಖ್ಯೆಯ ದೀಪ ಪಡೆದು ಇಳಿಯುತ್ತಿದ್ದ. ಪಾಳಿ ಮುಗಿದ ಮೇಲೂ ಮೊಳೆಯಲ್ಲೇ ನೇತಾಡುವ ಬಿಲ್ಲೆಯೆಂದರೆ ಮೇಲೆ ಬಾರದ ಮನುಷ್ಯ. ನಮ್ಮ 1952ರ ಗಣಿ ಕಾಯ್ದೆಯೂ, ಯಾವ ಕ್ಷಣದಲ್ಲಿ ತೆರೆದರೂ ಆ ಹೊತ್ತಿಗೆ ನೆಲದಡಿ ಇರುವ ಪ್ರತಿಯೊಬ್ಬರ ಹೆಸರು ಕಾಣುವಂಥ ಹಾಜರಿ ಪುಸ್ತಕವನ್ನು ಕಡ್ಡಾಯ ಮಾಡಿತು. ಆದರೆ 1975ರ ಡಿಸೆಂಬರ್ 27ರಂದು ಧನಬಾದ್ ಬಳಿಯ ಚಾಸ್ನಾಲಾಕ್ಕೆ ನೀರು ನುಗ್ಗಿ 375 ಮಂದಿ ಸತ್ತಂಥ ದುರಂತದಲ್ಲಿ, ಅಂಥ ಪುಸ್ತಕ ಹೆಸರು ಹೇಳೀತೇ ಹೊರತು ಯಾರು ಯಾವ ಗ್ಯಾಲರಿಯಲ್ಲಿ, ಅಂದರೆ ಗಣಿಯೊಳಗಿನ ಯಾವ ಸುರಂಗದಾರಿಯಲ್ಲಿ, ಇದ್ದಾರೆಂದು ಹೇಳಲಾರದು.

‘ಎಲ್ಲಿ’ ಎಂಬ ಪ್ರಶ್ನೆ ಕಾನೂನಿನೊಳಗೆ ಬಂದದ್ದು ಬಹಳ ತಡವಾಗಿ. ಅಮೆರಿಕದ ವೆಸ್ಟ್ ವರ್ಜೀನಿಯಾದ ಸಾಗೋ ಗಣಿಯಲ್ಲಿ 2006ರ ಜನವರಿ 2ರಂದು ಸ್ಫೋಟವಾದಾಗ 13 ಮಂದಿ ಸಿಕ್ಕಿಬಿದ್ದರು. ಸ್ಫೋಟದಲ್ಲಿ ಬದುಕುಳಿದವರು ವಿಷಗಾಳಿ ತಡೆಯಲು ಪರದೆ ಕಟ್ಟಿಕೊಂಡು, ಚಾವಣಿಗೆ ಬಿಗಿದಿದ್ದ ಬೋಲ್ಟನ್ನು ಸುತ್ತಿಗೆಯಿಂದ ಬಡಿದು ಮೇಲಿನವರಿಗೆ ಸದ್ದು ಕೇಳಿಸಲು ಯತ್ನಿಸಿದರು. ಯಾರಿಗೂ ಕೇಳಿಸಲಿಲ್ಲ. ರಕ್ಷಣಾ ತಂಡ ತಲುಪುವಷ್ಟರಲ್ಲಿ 40 ಗಂಟೆ ದಾಟಿ, ಒಬ್ಬನು ಮಾತ್ರ ಉಳಿದಿದ್ದ. ಅದೇ ಜೂನ್‌ನಲ್ಲಿ ಬಂದ, ಗಣಿ ಕಾರ್ಮಿಕರ ಸುರಕ್ಷತೆಯ ‘ಮೈನರ್’ ಕಾಯ್ದೆ, ನಿಸ್ತಂತು ಸಂಪರ್ಕವನ್ನೂ ಕಾರ್ಮಿಕರ ಎಲೆಕ್ಟ್ರಾನಿಕ್ ಜಾಡು ವ್ಯವಸ್ಥೆಯನ್ನೂ 3 ವರ್ಷದೊಳಗೆ ಅಳವಡಿಸಬೇಕೆಂದಿತು.

ಹೇಳಿದಷ್ಟು ಸುಲಭದ ಕೆಲಸವಲ್ಲ ಅದು. ಜಿಪಿಎಸ್ ಬಂಡೆಯ ಕೆಳಗೆ ಇಳಿಯುವುದಿಲ್ಲ. ಮಾಮೂಲಿ ರೇಡಿಯೊ ಅಲೆ ಗ್ಯಾಲರಿಯ ಒಂದೆರಡು ತಿರುವಿಗೇ ಸೊರಗುತ್ತದೆ. ಗಾಳಿಯಲ್ಲಿ ಮೀಥೇನ್ ಸುಮಾರು 5ರಿಂದ 15 ಶೇಕಡಾ ಇದ್ದರೆ ಸಣ್ಣ ಕಿಡಿಯೂ ಸ್ಫೋಟಕ್ಕೆ ಸಾಕಾದ್ದರಿಂದ, ಒಳಗೆ ಒಯ್ಯುವ ಇಂಥ ಸಲಕರಣೆಗಳು ಸ್ಫೋಟ ಹೊತ್ತಿಸುವ ಕಿಡಿ ಹುಟ್ಟಿಸದಷ್ಟು ಕಡಿಮೆ ಶಕ್ತಿಯಲ್ಲಿ ನಡೆಯಬೇಕು. ಹೀಗಾಗಿ ಉದ್ದಕ್ಕೂ ಅಲೆ ಸೋರಿಸುವ ಲೀಕಿ ಫೀಡರ್ ಕೇಬಲ್, ಕೂಡುದಾರಿಗಳಲ್ಲಿ ಟ್ಯಾಗ್ ಓದುವ ರೀಡರ್, ಟೋಪಿಯ ದೀಪಕ್ಕೋ ಬೆಲ್ಟಿಗೋ ಸೇರಿಸಿದ, ರೇಡಿಯೊ ಅಲೆಯಲ್ಲಿ ತನ್ನ ಗುರುತು ತಿಳಿಸುವ ಆರ್‌ಎಫ್‌ಐಡಿ ಟ್ಯಾಗ್ ಬಂದವು. ಧನಬಾದ್‌ನ ಕೇಂದ್ರೀಯ ಗಣಿಗಾರಿಕೆ ಮತ್ತು ಇಂಧನ ಸಂಶೋಧನಾ ಸಂಸ್ಥೆಯೂ ಜಿಗ್‌ಬೀ ಎಂಬ ಕಡಿಮೆ ಶಕ್ತಿಯ ನಿಸ್ತಂತು ತಂತ್ರ ಆಧಾರಿತ ವ್ಯವಸ್ಥೆ ರೂಪಿಸಿತು. ಆದರೂ ಇಂಥ ಟ್ಯಾಗ್ ಸಾಮಾನ್ಯವಾಗಿ ಹೇಳುವುದು, ಈತ ಈ ರೀಡರನ್ನು ದಾಟಿದ, ಮುಂದಿನದನ್ನು ಇನ್ನೂ ದಾಟಿಲ್ಲ ಎಂಬಷ್ಟನ್ನೇ. ಸ್ಫೋಟದಲ್ಲಿ ಕೇಬಲ್ಲೇ ತುಂಡಾದರೆ ಕೊನೆಯದಾಗಿ ದಾಖಲಾದ ಜಾಗವೇ ಗತಿ.

ವಾಹನಗಳ ವಿಚಾರದಲ್ಲಿ ಅಪಾಯ ದೂರದ್ದಲ್ಲ, ಹತ್ತಿರದ್ದು. ರಿಮೋಟ್ ಹಿಡಿದು ಕಂಟಿನ್ಯೂಯಸ್ ಮೈನರ್ ಎಂಬ ಕಲ್ಲಿದ್ದಲು ಕೊರೆಯುವ ಯಂತ್ರ ನಡೆಸುವವನು, ಯಂತ್ರ ಹೊರಳಿದಾಗ ಅದಕ್ಕೂ ಗೋಡೆಗೂ ನಡುವೆ ಸಿಕ್ಕಿ ಜಜ್ಜಿಹೋಗಬಹುದು. ಯಂತ್ರದ ಸುತ್ತ ಕಾಂತಕ್ಷೇತ್ರ ಹಬ್ಬಿಸಿ, ಟ್ಯಾಗ್ ತೊಟ್ಟವನು ತೀರಾ ಸಮೀಪಿಸಿದೊಡನೆ ಯಂತ್ರ ತಾನೇ ನಿಲ್ಲುವಂತೆ ಮಾಡುವ ಸಾಧನವನ್ನು ಅಮೆರಿಕ 2015ರ ನಿಯಮದಲ್ಲಿ ಇಂಥ ಯಂತ್ರಗಳಿಗೆ ಕಡ್ಡಾಯಗೊಳಿಸಿತು. ನನ್ನ ಮಟ್ಟಿಗೆ ಇಡೀ ತಂತ್ರಜ್ಞಾನದಲ್ಲಿ ದಿನನಿತ್ಯ ಜೀವ ಉಳಿಸುವ ಭಾಗ ಇದೇ. ಉಳಿದದ್ದು ಬಹುತೇಕ ಅನಾಹುತ ನಡೆದ ಮೇಲೆ ಬೇಕಾಗುವಂಥದ್ದು.

ಇಷ್ಟಾದರೂ ಟ್ಯಾಗ್ ಸಿಗುವುದು ಪಟ್ಟಿಯಲ್ಲಿ ಹೆಸರಿದ್ದವನಿಗೆ. 2023ರ ನವೆಂಬರ್ 12ರಂದು ಉತ್ತರಾಖಂಡದ ಸಿಲ್ಕ್ಯಾರಾದಲ್ಲಿ ಕುಸಿದದ್ದು ರಸ್ತೆ ಸುರಂಗ, ಕಲ್ಲಿದ್ದಲು ಗಣಿಯಲ್ಲ. ಆದರೆ ಒಳಗೆ 40 ಮಂದಿ ಇದ್ದಾರೆಂದು ಹಲವು ದಿನ ಹೇಳುತ್ತ ಬಂದ ಮೇಲೆ 41ನೆಯವನ ಹೆಸರು ಪಟ್ಟಿಗೆ ಸೇರಿತು. 28ರ ರಾತ್ರಿ ಹೊರಬಂದವರು 41 ಮಂದಿ.