ಹಳೇ ಬೋಟು, 19 ಇಂಚಿನ ಪ್ರೊಪೆಲ್ಲರ್

"115 ಎಚ್‌ಪಿ ಎಂಜಿನ್ ಕೂರಿಸಿ ಕೊಡಿ ಮಾರಾಯ್ರೆ, ಹೇಗೂ ಲೋನ್ ಸಿಕ್ಕಿದೆ" ಎನ್ನುತ್ತಲೇ ಹೊನ್ನಾವರದವರೊಬ್ಬರು ಜೀಪಿನಿಂದ ಇಳಿದರು. ಹಿಂದೆ ಟ್ರೇಲರ್ ಮೇಲೆ 17 ಅಡಿಯ ಫೈಬರ್ ಸ್ಪೀಡ್‌ಬೋಟು. ಗೋವಾದಲ್ಲಿ ಯಾರೋ ಹತ್ತು ಹನ್ನೆರಡು ವರ್ಷ ಓಡಿಸಿ ಕೈಬಿಟ್ಟದ್ದನ್ನು ಶರಾವತಿಯಲ್ಲಿ ಪ್ರವಾಸಿಗರನ್ನು ಸುತ್ತಾಡಿಸಲು ಕೊಂಡಿದ್ದರು. 90 ಎಚ್‌ಪಿಯ ಯಮಹಾ, ಟೂ-ಸ್ಟ್ರೋಕ್, ಮೂರು ಸಿಲಿಂಡರು. ಆರು ಜನ ಕೂತರೆ ಬೋಟು ಮೂತಿ ಮೇಲೆತ್ತಿಕೊಂಡು ನೀರು ಉಳುತ್ತಾ ಹೋಗುತ್ತದೆ, ಮೇಲಕ್ಕೇಳಲು ಅರ್ಧ ನದಿ ಬೇಕು, ಎದ್ದ ಮೇಲೂ ಓಟವಿಲ್ಲ ಎಂಬುದು ಅವರ ದೂರು.

ಮಲ್ಪೆಯಲ್ಲಿ ಔಟ್‌ಬೋರ್ಡ್, ಅಂದರೆ ಬೋಟಿನ ಹಿಂದೆ ಹೊರಗೆ ತೂಗುಹಾಕುವ ಎಂಜಿನ್, ರಿಪೇರಿ ಮಾಡುವ ನನ್ನ ಬಳಿಗೆ ಹಳೇ ಬೋಟು ತರುವವರು ಹೆಚ್ಚಿನವರು ಹೀಗೆಯೇ, ಔಷಧಿಯ ಹೆಸರು ಹೇಳಿಕೊಂಡೇ ಬರುತ್ತಾರೆ. ಎಂಜಿನ್ ಮಾರಿದರೆ ನನಗೂ ನಾಲ್ಕು ಕಾಸು ಸಿಗುತ್ತದೆ, ಸುಳ್ಳು ಯಾಕೆ ಹೇಳಲಿ. ಆದರೆ ಲೆಕ್ಕ ಬೇರೆ. ನೀರಿನ ಮೇಲೆ ಎದ್ದು ಓಡುವ ಬೋಟಿನ ವೇಗ ಎಚ್‌ಪಿ ಏರಿದಷ್ಟು ಏರುವುದಿಲ್ಲ, ಹೆಚ್ಚುಕಡಿಮೆ ಅದರ ವರ್ಗಮೂಲದಷ್ಟು ಏರುತ್ತದೆ. 90ರಿಂದ 115ಕ್ಕೆ ಹೋದರೆ ಶಕ್ತಿ ಶೇ 28 ಜಾಸ್ತಿ, ವೇಗ ಶೇ 13ರಷ್ಟು ಮಾತ್ರ. ಅದೂ ತೂಕ ಬದಲಾಗದಿದ್ದರೆ. ಹಳೇ ಟೂ-ಸ್ಟ್ರೋಕ್ 90ರ ತೂಕ ಸುಮಾರು 120 ಕೆಜಿ, ಈಗಿನ ಫೋರ್-ಸ್ಟ್ರೋಕ್ 115ರದ್ದು 160 ದಾಟುತ್ತದೆ. ಆ 40 ಕೆಜಿ ಹೋಗಿ ಕೂರುವುದು ಮೊದಲೇ ತಗ್ಗಿದ ಹಿಂಭಾಗದ ತುದಿಯಲ್ಲಿ.

ಹಾಗಾಗಿ ಮೊದಲು ಎಂಜಿನ್ ನಿಜವಾಗಿ ಸತ್ತಿದೆಯೇ ನೋಡಿದೆ. ಪ್ಲಗ್ ಬಿಚ್ಚಿ ಕಂಪ್ರೆಷನ್ ಗೇಜ್ ಇಟ್ಟರೆ ಮೂರೂ ಸಿಲಿಂಡರಿನಲ್ಲಿ 120ರ ಆಚೀಚೆ ಬಂತು. ಅಂಕಿ ಎಷ್ಟು ಎನ್ನುವುದಕ್ಕಿಂತ ಮೂರೂ ಒಂದಕ್ಕೊಂದು ಹತ್ತಿರ ಇರುವುದು ಮುಖ್ಯ. ಒಂದು ಸಿಲಿಂಡರು ಶೇ 10ಕ್ಕಿಂತ ಹೆಚ್ಚು ಹಿಂದೆ ಬಿದ್ದಿದ್ದರೆ ಮಾತು ಬೇರೆಯಾಗುತ್ತಿತ್ತು. ಗೇರ್ ಎಣ್ಣೆಯೂ ಹಾಲಿನ ಬಣ್ಣಕ್ಕೆ ತಿರುಗಿರಲಿಲ್ಲ, ಅಂದರೆ ಒಳಗೆ ನೀರು ಹೊಕ್ಕಿಲ್ಲ.

ಆಮೇಲೆ ಕೋಡಿ ಬೆಂಗ್ರೆ ಹತ್ತಿರ ನದಿಗಿಳಿಸಿ ಆರು ಜನರನ್ನು ಕೂರಿಸಿ ಥ್ರಾಟಲ್ ಪೂರ್ತಿ ಒತ್ತಿದೆವು. ಸೆಳೆತ ಲೆಕ್ಕ ಕೆಡಿಸಬಾರದೆಂದು ಮೇಲಕ್ಕೊಮ್ಮೆ, ಕೆಳಕ್ಕೊಮ್ಮೆ ಓಡಿಸಿ ಸರಾಸರಿ ತೆಗೆದದ್ದು. ಮೊಬೈಲಿನ ಜಿಪಿಎಸ್‌ನಲ್ಲಿ ಗಂಟೆಗೆ 46 ಕಿ.ಮೀ., ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತುತ್ತದೆಂದು ತೋರಿಸುವ ಟ್ಯಾಕೋಮೀಟರಿನಲ್ಲಿ 4300.

ಆ 4300ರಲ್ಲೇ ಅರ್ಧ ಕತೆ ಇತ್ತು. ಪೂರ್ತಿ ಥ್ರಾಟಲ್‌ನಲ್ಲಿ ಈ ಎಂಜಿನ್ 4500ರಿಂದ 5500ರ ಒಳಗೆ ತಿರುಗಬೇಕು. ಮೇಲೆ 90 ಎಂದು ಬರೆದಿದ್ದರೂ ಆ 90 ಸಿಗುವುದು 5000ದ ಸುತ್ತಮುತ್ತ. ಅದಕ್ಕಿಂತ ಕೆಳಗೆ ಎಳೆಯುತ್ತಿದ್ದರೆ ನಾಲ್ಕನೇ ಗೇರಿನಲ್ಲಿ ಆಗುಂಬೆ ಘಾಟಿ ಹತ್ತಿಸಿದ ಹಾಗೆ. ಶಕ್ತಿಯೂ ಇಲ್ಲ, ಬಿಸಿಯೂ ಏರುತ್ತದೆ, ಪಿಸ್ಟನ್ ಮೇಲೆ ಮಸಿ ಕಟ್ಟುತ್ತದೆ. ಇಂಥ ಬೋಟಿಗೆ 115 ಹಾಕಿ ಹಳೇ ಪ್ರೊಪೆಲ್ಲರ್ ಹೊಂದುವುದಾದರೆ ಅದನ್ನೇ ಸಿಕ್ಕಿಸಿದರೆ ಹೊಸ ಎಂಜಿನ್ನೂ ಹೀಗೆಯೇ ಒದ್ದಾಡುತ್ತದೆ.

ಪ್ರೊಪೆಲ್ಲರಿನ ಮೇಲೆ 19 ಎಂದು ಕೊರೆದಿತ್ತು. ಅದು ಪಿಚ್. ಬೆಣ್ಣೆಯೊಳಗೆ ಸ್ಕ್ರೂ ತಿರುಗಿಸಿದಂತೆ ಒಂದು ಸುತ್ತಿಗೆ 19 ಇಂಚು ಮುಂದೆ ಹೋಗಬೇಕೆಂಬ ಲೆಕ್ಕ. ಗೇರ್ ಅನುಪಾತ 2 ಆದ್ದರಿಂದ ಎಂಜಿನ್ 4300 ಸುತ್ತಿದರೆ ಪ್ರೊಪೆಲ್ಲರ್ 2150 ಸುತ್ತು. ಅದನ್ನು 19ರಿಂದ ಗುಣಿಸಿ, ಮತ್ತೆ 0.001524ರಿಂದ ಗುಣಿಸಿದರೆ ಗಂಟೆಗೆ 62 ಕಿ.ಮೀ. ಬರುತ್ತದೆ. ಸಿಕ್ಕಿದ್ದು 46. ಕಾಲುಪಾಲಿಗಿಂತ ಹೆಚ್ಚು ಜಾರಿ ಹೋಗುತ್ತಿದೆ. ಇಂಥ ಬೋಟಿನಲ್ಲಿ ಈ ಸ್ಲಿಪ್ ಶೇ 10ರಿಂದ 20ರ ಒಳಗಿದ್ದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. 26 ಬಂದರೆ ಪ್ರೊಪೆಲ್ಲರ್ ಒಂದನ್ನೇ ದೂರಿ ಸುಮ್ಮನಾಗಲೂ ಆಗದು, ಬೋಟೇ ಭಾರವಾಗಿರಬೇಕು.

ಭಾರ ನೋಡಲು ಹೆದ್ದಾರಿ ಪಕ್ಕದ ವೇ ಬ್ರಿಡ್ಜಿಗೆ ಹೋದೆವು. ಕೆಂಪು ಕಲ್ಲಿನ ಲಾರಿಗಳ ಸಾಲಿನಲ್ಲಿ ನಮ್ಮದೊಂದು ಬೋಟು. ಟ್ರೇಲರನ್ನು ಒಮ್ಮೆ ಬೋಟಿನ ಸಮೇತ, ಇನ್ನೊಮ್ಮೆ ಖಾಲಿ ತೂಗಿ, ಎಂಜಿನ್, ಬ್ಯಾಟರಿ, ಪೆಟ್ರೋಲು ಎಲ್ಲ ಕಳೆದರೂ ತಯಾರಕರ ಫಲಕದಲ್ಲಿದ್ದುದಕ್ಕಿಂತ 170 ಕೆಜಿ ಜಾಸ್ತಿ. ಎರಡೂವರೆ ಆಳು ಟಿಕೆಟಿಲ್ಲದೆ ಹತ್ತಿ ಕೂತಿದ್ದಾರೆ! ಬಿಲ್ಜ್, ಅಂದರೆ ನೀರು ಬಂದು ನಿಲ್ಲುವ ತಳದ ಗುಂಡಿ, ಒಣಗಿಯೇ ಇತ್ತು. ನೆಲದ ಹಲಗೆಗೆ ಅಂಗೈ ಅಗಲದ ಕಿಂಡಿ ಕೊರೆದು ಒಳಗಿನ ಫೋಮಿನ ತುಂಡೊಂದನ್ನು ಕಿತ್ತು ಹಿಂಡಿದೆ. ಮೊಣಕೈವರೆಗೆ ನೀರಿಳಿಯಿತು. ಮಾಲೀಕರು ಮಾತಾಡಲಿಲ್ಲ.

ಈ ಫೋಮು ನೀರು ಹೀರಬಾರದು ಎಂದೇ ತುಂಬುವುದು. ಆದರೆ ಸೀಟಿನ ಸ್ಕ್ರೂ ತೂತಿನಿಂದ, ಬಿರುಕಿನಿಂದ ಮಳೆಗಾಲದ ನೀರು ವರ್ಷಗಟ್ಟಲೆ ಇಳಿದು ಅದರಲ್ಲೇ ನಿಂತರೆ ಕೊನೆಗೆ ಅದೂ ಸೋಲುತ್ತದೆ. ಕಿತ್ತು ಬಿಸಾಡಿ ಹಾಗೇ ಖಾಲಿ ಬಿಡುವವರಿದ್ದಾರೆ, ಬೋಟು ಹಗುರಾಗುತ್ತದೆ ನಿಜ. ಬೋಟಿನೊಳಗೆ ನೀರು ತುಂಬಿದ ದಿನ ಅದನ್ನು ಮುಳುಗದಂತೆ ಹಿಡಿಯುವುದು ಈ ಫೋಮೇ. ಹೊಸದು ತುಂಬಿಸದೆ ಬೋಟನ್ನು ನಾನು ವಾಪಸು ಕೊಡುವುದಿಲ್ಲ. ಈ ಕೆಲಸಕ್ಕೇ ಹನ್ನೊಂದು ದಿನ ಹಿಡಿಯಿತು.

ನೆಲ ಬಿಚ್ಚಿದ ಮೇಲೆ ಟ್ರಾನ್ಸಮ್ ನೋಡದಿರಲಾದೀತೇ? ಎಂಜಿನ್ ಕಚ್ಚಿಕೊಂಡಿರುವ ಹಿಂಗೋಡೆ ಅದು, ಫೈಬರಿನ ನಡುವೆ ಪ್ಲೈವುಡ್ ಇರುತ್ತದೆ. ಸುತ್ತಿಗೆಯ ಹಿಡಿಯಿಂದ ಬಡಿಯುತ್ತಾ ಹೋಗಿ. ಗಟ್ಟಿ ಇದ್ದಲ್ಲಿ ಟಕ್ ಎನ್ನುತ್ತದೆ, ಕೊಳೆತಲ್ಲಿ ಒದ್ದೆ ಗೋಣಿಗೆ ಬಡಿದಂತೆ ಡಬ್. ಇನ್ನೊಂದು ಉಪಾಯ: ಎಂಜಿನ್ನನ್ನು ಅರ್ಧ ಎತ್ತಿ, ಕೆಳಗಿನ ಕಾಲನ್ನು ಕೈಯಿಂದ ಒತ್ತಿ, ಟ್ರಾನ್ಸಮ್ ಬಾಗುತ್ತದೆಯೇ ನೋಡಿ. ಬಾಗಿದರೆ ಎಚ್‌ಪಿ ಏರಿಸುವ ಮಾತು ಅಲ್ಲಿಗೇ ನಿಲ್ಲಬೇಕು. ಇವರ ಅದೃಷ್ಟಕ್ಕೆ ಗಟ್ಟಿ ಇತ್ತು.

ತಳಕ್ಕೆ ಅಂಟಿದ್ದ ಚಿಪ್ಪು ಕೆರೆದದ್ದು ಅರ್ಧ ದಿನದ ಕೆಲಸ. ಆ ಒರಟು ತಳ ತಿನ್ನುವ ವೇಗ ಸಣ್ಣದಲ್ಲ. ಕೆರೆಯುವಾಗ ಉದ್ದದ ಅಲ್ಯುಮಿನಿಯಂ ಪಟ್ಟಿಯೊಂದನ್ನು ಹಿಂಬದಿ ತಳಕ್ಕೆ ಒತ್ತಿ ಹಿಡಿದು ನೋಡಿ. ನಡುವೆ ಬೆಳಕು ಕಂಡರೆ ತಳ ಒಳಕ್ಕೆ ತಗ್ಗಿದೆ, ಅದು ಓಡುವಾಗ ಮೂತಿಯನ್ನು ಕೆಳಕ್ಕೆ ಒತ್ತುತ್ತದೆ. ಮಳೆಗಾಲದಲ್ಲಿ ದಡಕ್ಕೆಳೆದು ಎರಡೇ ಟಯರಿನ ಮೇಲೆ ತಿಂಗಳುಗಟ್ಟಲೆ ಕೂರಿಸಿದ ಬೋಟುಗಳಲ್ಲಿ ಇದನ್ನು ಕಂಡಿದ್ದೇನೆ.

ಪ್ರೊಪೆಲ್ಲರ್ 17 ಇಂಚಿಗೆ ಇಳಿಸಿದೆ. ಒಂದಿಂಚು ಪಿಚ್ ಇಳಿಸಿದರೆ 150ರಿಂದ 200 ಆರ್‌ಪಿಎಂ ಏರುತ್ತದೆ. ಉಳಿದದ್ದನ್ನು ತೂಕ ಇಳಿದದ್ದು ಕೊಡುತ್ತದೆಂದು ನನ್ನ ಅಂದಾಜು. ಮತ್ತೆ, ಎಂಜಿನ್ ತೀರಾ ತಗ್ಗಿನಲ್ಲಿ ಕೂತಿತ್ತು. ಪ್ರೊಪೆಲ್ಲರಿನ ಮೇಲಿನ ಅಡ್ಡ ತಟ್ಟೆ ಬೋಟಿನ ತಳದ ಮಟ್ಟಕ್ಕೋ ಸ್ವಲ್ಪ ಮೇಲಕ್ಕೋ ಇರಬೇಕು. ಇದು ಒಂದೂವರೆ ಇಂಚು ಕೆಳಗಿತ್ತು. ಬೋಲ್ಟು ಬಿಚ್ಚಿ ಎರಡು ತೂತು ಮೇಲಕ್ಕೆತ್ತಿ ಕಟ್ಟಿದೆ. ಸಾಮಾನಿನ ಖರ್ಚು ಬೋಲ್ಟಿಗೆ ಹಚ್ಚಿದ ಸೀಲಂಟ್ ಮಾತ್ರ. ಹೀಗೆ ಎತ್ತಿದ ಮೇಲೆ ತಿರುವಿನಲ್ಲಿ ಪ್ರೊಪೆಲ್ಲರ್ ಗಾಳಿ ಹಿಡಿಯುತ್ತದೆಯೇ, ಎಂಜಿನ್ ತಂಪು ಮಾಡಿ ಹೊರಬರುವ ನೀರಿನ ಧಾರೆ ಸರಿಯಾಗಿ ಬೀಳುತ್ತಿದೆಯೇ ಎಂದು ನೋಡಲೇಬೇಕು. ವಾಟರ್ ಪಂಪಿನ ರಬ್ಬರ್ ಇಂಪೆಲ್ಲರ್ ಹಳತಾಗಿದ್ದರೆ ಕೇಳಬೇಡಿ, ಬದಲಿಸಿ.

ಸ್ಟೀಲಿನ ಪ್ರೊಪೆಲ್ಲರ್ ಯಾಕೆ ಹಾಕಲಿಲ್ಲ ಎಂದು ಅವರೇ ಕೇಳಿದರು. ಸ್ಟೀಲಿನ ಎಲೆ ತೆಳು, ಬಾಗುವುದಿಲ್ಲ, ವೇಗ ಕೊಡುತ್ತದೆ. ಆದರೆ ಹಿಂದೊಮ್ಮೆ ಅಳಿವೆಯಲ್ಲಿ ಓಡುವ ಬೋಟಿಗೆ ನಾನೇ ಸ್ಟೀಲು ಹಾಕಿಕೊಟ್ಟಿದ್ದೆ. ಮೂರನೇ ವಾರ ಅಡಿಯ ಬಂಡೆಗೆ ತಾಗಿತು. ಎಲೆಗೆ ಗೀರು ಬಿತ್ತು ಅಷ್ಟೆ, ಪೆಟ್ಟೆಲ್ಲ ಒಳಗೆ ಹೋಗಿ ಗೇರ್ ಹಲ್ಲು ಉದುರಿತು. ಅಲ್ಯುಮಿನಿಯಂ ಆಗಿದ್ದರೆ ತಾನು ಮುರಿದುಕೊಂಡು ಗೇರ್ ಉಳಿಸುತ್ತಿತ್ತೋ ಏನೋ. ಆ ಗೇರಿನ ದುಡ್ಡು ನಾನೇ ಕೊಟ್ಟೆ. ಅಡಿ ಕಾಣದ ಕಡೆ ಓಡುವವರಿಗೆ ಅಂದಿನಿಂದ ಅಲ್ಯುಮಿನಿಯಮ್ಮೇ.

ಪೆಟ್ರೋಲಿನ ಮಾತೂ ಇದೆ. ಈಗ ಬಂಕಿನಲ್ಲಿ ಸಿಗುವುದು ಶೇ 20 ಎಥನಾಲ್ ಬೆರೆತದ್ದು. ಔಟ್‌ಬೋರ್ಡ್ ತಯಾರಕರು ಸಾಮಾನ್ಯವಾಗಿ 10ರವರೆಗೆ ಒಪ್ಪುತ್ತಾರೆ. ಎಥನಾಲ್ ಗಾಳಿಯ ತೇವ ಹೀರುತ್ತದೆ, ಹೀರಿದ್ದು ಮಿತಿ ಮೀರಿದರೆ ನೀರಿನ ಜೊತೆ ಸೇರಿ ಟ್ಯಾಂಕಿನ ಅಡಿಯಲ್ಲಿ ಬೇರೆ ಪದರವಾಗಿ ನಿಲ್ಲುತ್ತದೆ. ಪೆಟ್ರೋಲಿಗೆ ಬೆರೆಸಿದ ಟೂಟಿ ಎಣ್ಣೆ ಮೇಲೆ ಉಳಿಯುತ್ತದೆ, ಅಡಿಯಿಂದ ಎಳೆಯುವ ಎಂಜಿನ್ನಿಗೆ ಎಣ್ಣೆಯಿಲ್ಲದ ನೀರು. ನಮ್ಮ ಕರಾವಳಿಯ ಜೂನ್ ಜುಲೈಯಲ್ಲಿ ಅರ್ಧ ತುಂಬಿದ ಟ್ಯಾಂಕ್ ಇಟ್ಟರೆ ಅಪಾಯವನ್ನು ಕರೆದ ಹಾಗೆ. ಹಳೇ ರಬ್ಬರ್ ಪೈಪುಗಳನ್ನೂ ಅದು ಮೆತ್ತಗೆ ಮಾಡುತ್ತದೆ. ಇವರ ಬೋಟಿಗೆ ಹೊಸ ಪೈಪು ಹಾಕಿ, ನೀರು ಬೇರ್ಪಡಿಸುವ 10 ಮೈಕ್ರಾನ್ ಫಿಲ್ಟರ್ ಕೂರಿಸಿದೆ. ಮಳೆಗಾಲಕ್ಕೆ ಮೊದಲು ಟ್ಯಾಂಕೂ ಕಾರ್ಬ್ಯುರೇಟರೂ ಖಾಲಿ ಮಾಡಿ ಎಂದೆ.

ಮತ್ತೆ ಅದೇ ಕೋಡಿ ಬೆಂಗ್ರೆ, ಅದೇ ಆರು ಜನ. ಟ್ಯಾಕೋಮೀಟರಿನಲ್ಲಿ 5200, ಜಿಪಿಎಸ್‌ನಲ್ಲಿ 57 ಕಿ.ಮೀ., ಸ್ಲಿಪ್ ಶೇ 15. 115 ಹಾಕಿದ್ದರೆ ಹಳೇ ತೂಕದಲ್ಲಿ 52 ದಾಟುತ್ತಿರಲಿಲ್ಲ. ಎಚ್‌ಪಿ ಬದಲಾಗಿದ್ದರೆ ಒಳನಾಡು ಹಡಗುಗಳ 2021ರ ಕಾಯ್ದೆಯಡಿ ನೋಂದಣಿ ಪತ್ರ, ಆಮೇಲೆ ವಿಮೆ ಎಂದು ತಿರುಗುವ ಕೆಲಸ ಬೇರೆ. 57ರಲ್ಲಿ ಹೊಸದೊಂದು ಗೊತ್ತಾಯಿತು: ಸ್ಟೀರಿಂಗ್ ಚಕ್ರ ನಾಲ್ಕು ಬೆರಳು ಸುಮ್ಮನೆ ಆಡುತ್ತಿತ್ತು. 46ರಲ್ಲಿ ಅದು ಯಾರ ಗಮನಕ್ಕೂ ಬಂದಿರಲಿಲ್ಲ. ಕೇಬಲ್ ಬದಲಿಸಿ, ಡ್ರೈವರ್ ನೀರಿಗೆ ಬಿದ್ದರೆ ಎಂಜಿನ್ ನಿಲ್ಲಿಸುವ ಕಿಲ್ ಸ್ವಿಚ್ಚಿನ ಹಗ್ಗವನ್ನು ಡ್ರೈವರ್ ಮಣಿಕಟ್ಟಿಗೆ ಕಟ್ಟಿಸಿಯೇ ಕಳಿಸಿದ್ದು.

ಮೊನ್ನೆ ಅವರ ಫೋನು. "ಎಂಜಿನ್ ಕೂಗ್ತದೆ, ಬೋಟು ಹೋಗುದಿಲ್ಲ. ಕಾರ್ಬ್ಯುರೇಟರ್ ಹೋಯ್ತಾ?" ಮುಟ್ಟಬೇಡಿ ಎಂದೆ. ಮನೆಯಿಂದ ನೈಲ್‌ಪಾಲಿಶ್ ತಂದು ಪ್ರೊಪೆಲ್ಲರಿನ ನಡುವಿನ ಲೋಹದ ಬುಶ್ಶಿನಿಂದ ರಬ್ಬರ್ ದಾಟಿ ಹೊರಗಿನ ಕೊಳವೆಯವರೆಗೆ ಒಂದು ಗೆರೆ ಎಳೆಯಿರಿ, ಹತ್ತು ನಿಮಿಷ ಓಡಿಸಿ, ಎತ್ತಿ ನೋಡಿ. ಸಂಜೆ ಫೋಟೋ ಬಂತು. ಗೆರೆ ತುಂಡಾಗಿ ಒಂದು ತುದಿ ಎಡಕ್ಕೆ, ಒಂದು ಬಲಕ್ಕೆ. ಒಳಗಿನ ರಬ್ಬರ್ ಜಾರುತ್ತಿದೆ, ಎಲ್ಲೋ ಮರಳಿಗೆ ತಾಗಿಸಿದ್ದಾರೆ. ಸೀಟಿನಡಿ ಹಳೇ 19 ಇಂಚಿನದು ಬಿದ್ದಿದೆಯಲ್ಲ, ಹೊಸದು ಬರುವವರೆಗೆ ಅದನ್ನು ಹಾಕಿ ನಿಧಾನಕ್ಕೆ ಓಡಿಸಿ, ಪ್ರೊಪೆಲ್ಲರಿನ ನಟ್ಟು ಕಳಚದಂತೆ ಹಿಡಿಯುವ ಕಾಟರ್ ಪಿನ್ ಮಾತ್ರ ಹಳತನ್ನೇ ಮತ್ತೆ ಬಗ್ಗಿಸಬೇಡಿ ಎಂದೆ.