ಕರಾವಳಿ ಮೊದಲಿನಿಂದಲೂ ಹೀಗೆಯೇ ಇತ್ತೇ?

ಪ್ರಶ್ನೆ: ದಕ್ಷಿಣ ಕನ್ನಡ, ಉಡುಪಿಗಳಲ್ಲಿ ಹಿಂದುತ್ವದ ರಾಜಕಾರಣ ಇಷ್ಟು ಗಟ್ಟಿಯಾಗಿರುವುದಕ್ಕೆ ಆ ಮಣ್ಣಿನ ಗುಣವೇ ಕಾರಣವಲ್ಲವೇ?

ಅಲ್ಲ. ಚುನಾವಣೆ ಬಂದಾಗಲೆಲ್ಲ ಈ ಪ್ರಶ್ನೆ ಬರುತ್ತದೆ, ನಾನೂ ಇದೇ ಉತ್ತರ ಬರೆಯುತ್ತೇನೆ. ಈ ಸಲವಾದರೂ ಇಸವಿಗಳನ್ನು ಗುರುತು ಹಾಕಿಕೊಳ್ಳಿ. ಅಷ್ಟಮಠಗಳ ಊರಾದ ಉಡುಪಿಯ ಲೋಕಸಭಾ ಕ್ಷೇತ್ರ 1980ರಿಂದ 1996ರವರೆಗೆ ಸತತ ಐದು ಬಾರಿ ಗೆಲ್ಲಿಸಿದ್ದು ಕಾಂಗ್ರೆಸ್ಸಿನ ಆಸ್ಕರ್ ಫರ್ನಾಂಡಿಸ್ ಅವರನ್ನು. ಕ್ರೈಸ್ತರ ಮತಗಳನ್ನಷ್ಟೇ ನೆಚ್ಚಿಕೊಂಡು ಅಲ್ಲಿ ಯಾರೂ ಗೆಲ್ಲಲಾರರು. ಮಂಗಳೂರಿನಲ್ಲಿ ಕಾಂಗ್ರೆಸ್ಸಿನವರೇ ಆದ ಜನಾರ್ದನ ಪೂಜಾರಿ 1977ರಿಂದ 1989ರವರೆಗೆ ನಾಲ್ಕು ಸಲ ಆರಿಸಿ ಬಂದರು. ಅವರನ್ನು ಬಿಜೆಪಿಯ ಧನಂಜಯ ಕುಮಾರ್ ಸೋಲಿಸಿದ್ದು 1991ರಲ್ಲಿ. ಮಣ್ಣಿನ ಗುಣವೇ ಆಗಿದ್ದರೆ ಅಲ್ಲಿಯತನಕ ಅದು ಎಲ್ಲಿ ಅಡಗಿತ್ತು?

ಎಲ್ಲವೂ ಅಯೋಧ್ಯೆಯ ಅಲೆಯಲ್ಲಿ ರಾತ್ರೋರಾತ್ರಿ ಬಂದಿತೆಂದೂ ಹೇಳಬೇಡಿ. 1968ರಲ್ಲೇ ಉಡುಪಿ ಪುರಸಭೆ ಬಿಜೆಪಿಯ ಪೂರ್ವರೂಪವಾದ ಜನಸಂಘದ ಕೈಗೆ ಬಂದು ವಿ.ಎಸ್. ಆಚಾರ್ಯ ಅಧ್ಯಕ್ಷರಾಗಿದ್ದರು. ಮರುವರ್ಷ ಅದೇ ಊರಿನಲ್ಲಿ ವಿಶ್ವ ಹಿಂದೂ ಪರಿಷತ್ತಿನ ಸಮ್ಮೇಳನ ಪೇಜಾವರ ಶ್ರೀಗಳ ಮುಂದಾಳತ್ವದಲ್ಲಿ ಅಸ್ಪೃಶ್ಯತೆಯನ್ನು ಖಂಡಿಸಿ, ಹಿಂದೂಗಳೆಲ್ಲ ಒಡಹುಟ್ಟಿದವರೆಂದು ಸಾರಿತು. 1974ರ ಭೂಸುಧಾರಣೆಯಿಂದ ದಣಿ-ಒಕ್ಕಲು ಎಂಬ ನಂಟು ಕಳಚಿತು, ಗೇಣಿದಾರ ಬಿಲ್ಲವರು ಹೊಲದ ಒಡೆಯರಾದರು. ಮುಂಬೈ, ಕೊಲ್ಲಿಯ ದುಡ್ಡಿನಿಂದ ಹಳೆಯ ಗುಡಿಗಳು ಜೀರ್ಣೋದ್ಧಾರವಾದವು. ಜೀರ್ಣೋದ್ಧಾರದ ಬಳಿಕ ನಡೆಯುವ ಬ್ರಹ್ಮಕಲಶೋತ್ಸವದ ಸಮಿತಿಯಲ್ಲಿ, ಭಜನಾ ಮಂಡಳಿಯಲ್ಲಿ, ಗುಡಿಗೆ ದವಸಧಾನ್ಯ ಒಯ್ಯುವ ಹೊರೆಕಾಣಿಕೆಯ ಮೆರವಣಿಗೆಯಲ್ಲಿ ಬೇರೆ ಬೇರೆ ಜಾತಿಯವರು ಜೊತೆಯಾದರು. ಸಂಘಟನೆ ಬೇರೂರಿದ್ದು ಅಲ್ಲಿ, ಹತ್ತಾರು ವರ್ಷಗಳ ದುಡಿಮೆಯಿಂದ. ಇದನ್ನು ಮಣ್ಣಿನ ಗುಣ ಎಂದುಬಿಟ್ಟರೆ ಆ ದುಡಿಮೆಯೂ ಕಾಣುವುದಿಲ್ಲ, ಅದರ ಹೊಣೆಯೂ ಯಾರಿಗೂ ಇರುವುದಿಲ್ಲ.

ಯಾರೂ ಕೇಳದ ಇನ್ನೊಂದು ಪ್ರಶ್ನೆಯಿದೆ: ತುಳುವರೆಂಬ ಹಳೆಯ ಗುರುತು ಏನಾಯಿತು? ಮೀನುಗಾರರಾದ ಮೊಗವೀರರು ನಂಬುವ ದೈವ ಬೊಬ್ಬರ್ಯ, ಪಾಡ್ದನವೆಂಬ ತುಳು ಹಾಡುಗತೆಯ ಪ್ರಕಾರ ಮುಸ್ಲಿಂ ವ್ಯಾಪಾರಿಯೊಬ್ಬನ ಮಗ. ಮೂಲ್ಕಿಯ ಬಪ್ಪನಾಡು ದುರ್ಗಾಪರಮೇಶ್ವರಿ ಗುಡಿಯನ್ನು ಕಟ್ಟಿಸಿದವನು ಮುಸ್ಲಿಂ ವ್ಯಾಪಾರಿ ಬಪ್ಪ ಬ್ಯಾರಿ ಎನ್ನುತ್ತದೆ ಸ್ಥಳಪುರಾಣ. 2022ರ ಮಾರ್ಚ್‌ನಲ್ಲಿ ಅದೇ ಗುಡಿಯ ಜಾತ್ರೆಯಲ್ಲಿ ಮುಸ್ಲಿಮರು ಅಂಗಡಿ ಹಾಕಬಾರದೆಂಬ ಫಲಕ ಎದ್ದಿತು. ಕಟ್ಟಿಸಿದವನ ಸಮುದಾಯವನ್ನೇ ಹೊರಗಿಟ್ಟು ಯಾವ ಸಂಪ್ರದಾಯವನ್ನು ಉಳಿಸಿದಂತಾಯಿತು ಎಂದು ಆ ಸಮಿತಿಗಳಲ್ಲಿ ಕುಳಿತವರನ್ನೇ ಕೇಳಬೇಕು. ಇತ್ತ ತುಳುವನ್ನು ಮಾನ್ಯತೆ ಪಡೆದ ಭಾಷೆಗಳ ಪಟ್ಟಿಯಾದ ಸಂವಿಧಾನದ ಎಂಟನೇ ಪರಿಚ್ಛೇದಕ್ಕೆ ಸೇರಿಸಬೇಕೆಂಬ ಬೇಡಿಕೆ ಎಲ್ಲ ಪಕ್ಷಗಳ ಬಾಯಲ್ಲೂ ಇದೆ. ಜಾತ್ರೆಯ ಅಂಗಡಿಗಳ ವಿಷಯದಲ್ಲಿ ಕಂಡ ಹಟವನ್ನು ಅದಕ್ಕಾಗಿ ಯಾವ ಪಕ್ಷವೂ ತೋರಿಲ್ಲ.