ಗಡ್ಡೆ ಹಾರ್ಮೋನು ಸುರಿಸಿದಾಗ: ಒಬ್ಬರಿಗೆ ನೀರು ಔಷಧ, ಇನ್ನೊಬ್ಬರಿಗೆ ಅಪಾಯ

ಕ್ಯಾನ್ಸರ್ ವಾರ್ಡಿನಿಂದ ನನಗೆ ಬರುವ ಕರೆಗಳು ಹಲವು ಬಾರಿ ಹೀಗಿರುತ್ತವೆ: ‘ರೋಗಿಗೆ ಎರಡು ದಿನದಿಂದ ಮಂಪರು, ಮಾತು ತಡವರಿಸುತ್ತಿದೆ. ಕಾಯಿಲೆ ಮೆದುಳಿಗೆ ಹಬ್ಬಿತೇನೋ ಎಂದು ಮನೆಯವರು ಹೆದರಿದ್ದಾರೆ. ಸ್ಕ್ಯಾನ್‌ನಲ್ಲಿ ಏನೂ ಇಲ್ಲ, ಸೋಡಿಯಂ ಮಾತ್ರ 116.’ ಹಾರ್ಮೋನು ವೈದ್ಯನಾದ ನನ್ನ ಕೆಲಸ ಶುರುವಾಗುವುದೇ ಆ ಕೊನೆಯ ಸಂಖ್ಯೆಯಿಂದ. ಅದು 135ರಿಂದ 145ರೊಳಗೆ ಇರಬೇಕಿತ್ತು.

ಹಾರ್ಮೋನು ಸ್ರವಿಸುವುದು ಗ್ರಂಥಿಗಳ ಕೆಲಸ. ಆದರೆ ಅದನ್ನು ತಯಾರಿಸುವ ವಂಶವಾಹಿ ನಮ್ಮ ಬೇರೆ ಜೀವಕೋಶಗಳಲ್ಲೂ ಇರುತ್ತದೆ, ಸುಮ್ಮನೆ ಮಲಗಿರುತ್ತದೆ. ಕೋಶ ಕ್ಯಾನ್ಸರ್ ಆದಾಗ ಕೆಲವೊಮ್ಮೆ ಅದು ಎಚ್ಚರಗೊಳ್ಳುತ್ತದೆ. ದೇಹ ‘ಸಾಕು’ ಎಂದರೂ ಗಡ್ಡೆ ನಿಲ್ಲಿಸುವುದಿಲ್ಲ.

ಶ್ವಾಸಕೋಶದ ‘ಸ್ಮಾಲ್ ಸೆಲ್’ ಕ್ಯಾನ್ಸರ್ ಇದಕ್ಕೆ ಕುಖ್ಯಾತ. ಮೂತ್ರದಲ್ಲಿ ನೀರು ಹೋಗದಂತೆ ತಡೆಯುವ ಎಡಿಎಚ್ ಹಾರ್ಮೋನನ್ನು ಅದು ಸುರಿಸುತ್ತದೆ. 1957ರಲ್ಲಿ ಈ ತೊಂದರೆಯನ್ನು ಮೊದಲು ವಿವರಿಸಿದ್ದೇ ಶ್ವಾಸಕೋಶದ ಕ್ಯಾನ್ಸರ್ ಇದ್ದ ಇಬ್ಬರು ರೋಗಿಗಳನ್ನು ನೋಡಿ. ಇಲ್ಲಿ ಸೋಡಿಯಂ ಇಳಿಯುವುದಕ್ಕೆ ಮುಖ್ಯ ಕಾರಣ ಊಟದಲ್ಲಿ ಉಪ್ಪು ಕಡಿಮೆಯಾದದ್ದಲ್ಲ, ಮೈಯಲ್ಲಿ ನೀರು ಹೆಚ್ಚಾಗಿ ರಕ್ತ ತೆಳುವಾದದ್ದು. ಸುಸ್ತಾಗಿದೆಯೆಂದು ಮನೆಯವರು ಪ್ರೀತಿಯಿಂದ ಕುಡಿಸುವ ಒಂದೊಂದು ಲೋಟ ನೀರೂ ಸೋಡಿಯಂ ಅನ್ನು ಇನ್ನಷ್ಟು ಕೆಳಗಿಳಿಸುತ್ತದೆ. ಹಾಗಾಗಿ ಇವರಿಗೆ ನೀರು ಅಳತೆಯಲ್ಲಿ. ಫಿಟ್ಸ್ ಬಂದರೆ ಗಾಢ ಸಲೈನ್ ಕೊಡುತ್ತೇವೆ, ಆದರೆ 24 ಗಂಟೆಗೆ 8–10 ಅಂಕಕ್ಕಿಂತ ಹೆಚ್ಚು ಏರಲು ಬಿಡುವುದಿಲ್ಲ. ಅವಸರ ಮಾಡಿದರೆ ಮೆದುಳಿನ ನರಗಳ ಹೊದಿಕೆಯೇ ಹಾಳಾಗಬಹುದು.

ಇದಕ್ಕೆ ತದ್ವಿರುದ್ಧ ಕ್ಯಾಲ್ಸಿಯಂ ಏರಿಕೆ. ನಾನು ಹೆಚ್ಚು ನೋಡುವುದೂ ಇದನ್ನೇ. ರಕ್ತದ ಕ್ಯಾಲ್ಸಿಯಂ ಕಾಯುವ ಪ್ಯಾರಾಥೈರಾಯ್ಡ್ ಹಾರ್ಮೋನನ್ನು ಹೋಲುವ ಪ್ರೋಟೀನೊಂದನ್ನು ಗಡ್ಡೆ ಬಿಡುಗಡೆ ಮಾಡುತ್ತದೆ, ಅದು ಮೂಳೆಯಿಂದ ಕ್ಯಾಲ್ಸಿಯಂ ಕರಗಿಸಿ ರಕ್ತಕ್ಕೆ ತರುತ್ತದೆ. ವಿಜ್ಞಾನಿಗಳ ಕೈಗೆ ಈ ಪ್ರೋಟೀನು ಸಿಕ್ಕಿದ್ದು 1987ರಲ್ಲಿ. ಶ್ವಾಸಕೋಶದ ‘ಸ್ಕ್ವಾಮಸ್’ ಎಂಬ ಬಗೆ, ಸ್ತನ, ಮೂತ್ರಪಿಂಡದ ಕ್ಯಾನ್ಸರ್‌ಗಳಲ್ಲಿ ಇದು ಸಾಮಾನ್ಯ. ಮಲಬದ್ಧತೆ, ವಾಕರಿಕೆ, ಅತಿ ಬಾಯಾರಿಕೆ, ಪದೇ ಪದೇ ಮೂತ್ರ, ನಿದ್ದೆಗಣ್ಣು: ಪಟ್ಟಿ ನೋಡಿದರೆ ಕೀಮೋ ಅಥವಾ ಮಾರ್ಫಿನ್‌ನ ಅಡ್ಡಪರಿಣಾಮದಂತೆಯೇ ಇದೆ. ಹಾಗೆಂದುಕೊಂಡೇ ದಿನಗಳು ಕಳೆದುಹೋಗುತ್ತವೆ, ನನಗೆ ಸಂಕಟವಾಗುವುದು ಅಲ್ಲಿ. ಇನ್ನೊಂದು ಮಾತು: ಕೃಶರಾದವರಲ್ಲಿ ಕ್ಯಾಲ್ಸಿಯಂ ಹೊತ್ತೊಯ್ಯುವ ರಕ್ತದ ಪ್ರೋಟೀನು ಅಲ್ಬುಮಿನ್ ಕಡಿಮೆಯಿರುವುದರಿಂದ ವರದಿಯಲ್ಲಿ ಕ್ಯಾಲ್ಸಿಯಂ ಸರಿಯಿರುವಂತೆ ಕಾಣಬಹುದು, ಲೆಕ್ಕ ಸರಿಪಡಿಸಿ ನೋಡಬೇಕು. ಇವರ ಮೈ ಒಣಗಿರುತ್ತದೆ. ಮೊದಲ ಔಷಧವೇ ರಕ್ತನಾಳದ ಮೂಲಕ ಸಲೈನ್, ಜೊತೆಗೆ ಮೂಳೆ ಕರಗುವುದನ್ನು ತಡೆಯುವ ಝೋಲೆಡ್ರಾನಿಕ್ ಆಮ್ಲ. ಅದರ ಪರಿಣಾಮ ಕಾಣಲು ಎರಡು ಮೂರು ದಿನ ಬೇಕು. ಕ್ಯಾಲ್ಸಿಯಂ ಏರಿಕೆ ಸಾಮಾನ್ಯವಾಗಿ ಮುಂದುವರಿದ ಕಾಯಿಲೆಯ ಗುರುತು, ಅದನ್ನು ಮುಚ್ಚಿಡಲಾರೆ. ಆದರೂ ಅದು ಇಳಿದಾಗ ಮಂಪರಿನಿಂದ ಎದ್ದು ಮಕ್ಕಳನ್ನು ಹೆಸರು ಹಿಡಿದು ಕರೆದವರನ್ನು ನೋಡಿದ್ದೇನೆ.

ಉಳಿದವು ಅಪರೂಪ. ಅಡ್ರಿನಲ್ ಗ್ರಂಥಿಯನ್ನು ಪ್ರಚೋದಿಸುವ ಎಸಿಟಿಎಚ್ ಹಾರ್ಮೋನನ್ನು ಗಡ್ಡೆ ಸುರಿಸಿದರೆ ಆ ಗ್ರಂಥಿಯ ಸ್ಟಿರಾಯ್ಡ್ ಹಾರ್ಮೋನು ಕಾರ್ಟಿಸಾಲ್ ಉಕ್ಕುತ್ತದೆ. ರೋಗ ವೇಗವಾಗಿದ್ದರೆ ಪುಸ್ತಕದಲ್ಲಿರುವ ದುಂಡು ಮುಖಕ್ಕೆ ಕಾಯಬೇಡಿ. ಪೊಟ್ಯಾಸಿಯಂ ಕುಸಿದು, ಬಿಪಿ, ಶುಗರ್ ಹಠಾತ್ತನೆ ಏರಿ, ತೊಡೆಗಳು ಸೋತು ಕುರ್ಚಿಯಿಂದ ಏಳಲಾಗದಂತಾಗುತ್ತದೆ. ಹೊಟ್ಟೆಯ ಅಥವಾ ಎದೆಯ ಕೆಲವು ದೊಡ್ಡ ಗಡ್ಡೆಗಳು ಇನ್ಸುಲಿನ್‌ನಂತೆ ವರ್ತಿಸುವ ಐಜಿಎಫ್-2 ಹೊರಬಿಟ್ಟು, ಬೆಳಗಿನ ಜಾವ ಶುಗರ್ ಪಾತಾಳಕ್ಕಿಳಿಸುತ್ತವೆ.

ಹೊಸದಾಗಿ ಮಂಪರು, ಗೊಂದಲ, ವಿಪರೀತ ನಿಶ್ಶಕ್ತಿ ಕಂಡರೆ ಅಂದೇ ವೈದ್ಯರಿಗೆ ತಿಳಿಸಿ. ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ, ಶುಗರ್ ಎಲ್ಲವೂ ಮಾಮೂಲಿ ರಕ್ತಪರೀಕ್ಷೆಗಳೇ. ವರದಿ ಬರುವ ಮುನ್ನ ನೀರು ಹೆಚ್ಚಿಸುವುದೋ ತಗ್ಗಿಸುವುದೋ ಎಂದು ಮನೆಯಲ್ಲೇ ತೀರ್ಮಾನಿಸಬೇಡಿ. ಬರುವಾಗ ಬಿಪಿ ಮಾತ್ರೆಗಳನ್ನೂ ತನ್ನಿ. ಮೂತ್ರ ಹೆಚ್ಚಿಸಿ ಬಿಪಿ ಇಳಿಸುವ ಥಯಜೈಡ್ ಗುಂಪಿನ ಮಾತ್ರೆ ಸೋಡಿಯಂ ಇಳಿಸಬಲ್ಲದು, ಕ್ಯಾಲ್ಸಿಯಂ ಏರಿಸಬಲ್ಲದು. ಅದನ್ನು ನಿಲ್ಲಿಸಬೇಕೇ ಎಂಬುದು ನಾವು ಮೊದಲು ನೋಡುವ ಸಂಗತಿಗಳಲ್ಲಿ ಒಂದು.